ಚಿಪ್ಪಿಗೊಂದು ಹೆಸರು, ಹೆಸರಿಗೊಂದು ಚಿಪ್ಪು

1964ರಲ್ಲಿ ಹಾನ್ಸ್‌ಪೀಟರ್ ಲುಟರ್‌ಬಾಕರ್ ಮತ್ತು ಇಸಬೆಲ್ಲಾ ಪ್ರೆಮೋಲಿ ಸಿಲ್ವಾ ಎಂಬ ಇಬ್ಬರು ವಿಜ್ಞಾನಿಗಳು ಮಧ್ಯ ಇಟಲಿಯ ಅಪೆನೈನ್ ಬೆಟ್ಟಸಾಲಿನ ಕಲ್ಲುಗಳಲ್ಲಿ ಸಿಕ್ಕ ಒಂದು ಚಿಪ್ಪಿಗೆ ‘ಗ್ಲೋಬಿಜೆರಿನಾ ಯುಗುಬಿನಾ’ ಎಂದು ಹೆಸರಿಟ್ಟರು. ಚಿಪ್ಪು ಎಂದೊಡನೆ ಕಡಲತೀರದಲ್ಲಿ ಮಕ್ಕಳು ಆಯುವಂಥದ್ದನ್ನು ನೆನೆಯಬಾರದು. ಇದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನದು. ಕಡಲ ಮೇಲ್ಪದರದಲ್ಲಿ ತೇಲುತ್ತಿದ್ದ ಏಕಕೋಶಜೀವಿಯೊಂದು ತನಗಾಗಿ ಕಟ್ಟಿಕೊಂಡ ಸುಣ್ಣದ ಮನೆ. ಗುಬ್ಬಿಯೊ ಎಂಬ ಊರಿನ ಹಳೆಯ ಲ್ಯಾಟಿನ್ ಹೆಸರೇ ಈ ಜೀವಿಯ ಹೆಸರಿನಲ್ಲಿದೆ. ಆ ಸೀಮೆಯ ಕಲ್ಲಿನ ಪದರಗಳಲ್ಲಿ ಕೆಳಗಿನಿಂದ ಮೇಲಕ್ಕೆ ಬಂದರೆ, ಕ್ರಿಟೇಶಿಯಸ್ ಕಾಲದ ದೊಡ್ಡ, ಏಣುಗಟ್ಟಿದ, ಕುಸುರಿಯ ಚಿಪ್ಪುಗಳು ಒಂದು ತೆಳು ಜೇಡಿಯ ಪದರದ ಹತ್ತಿರ ಥಟ್ಟನೆ ನಿಂತುಹೋಗುತ್ತವೆ. ಅದರ ಮೇಲೆ ಮೊದಲು ಕಾಣುವುದು ಈ ಬಡಕಲು ಯುಗುಬಿನಾ ಮತ್ತು ಅದರ ಕೆಲವೇ ಸಂಗಾತಿಗಳು. ಹದಿನಾರು ವರ್ಷಗಳ ನಂತರ, 1980ರಲ್ಲಿ, ಲೂಯಿಸ್ ಆಲ್ವರೆಜ್, ವಾಲ್ಟರ್ ಆಲ್ವರೆಜ್ ಮತ್ತು ಸಂಗಡಿಗರು ಅದೇ ಜೇಡಿಯಲ್ಲಿ ಇರಿಡಿಯಮ್ ಅತಿಯಾಗಿರುವುದನ್ನು ಕಂಡು, 6.6 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಭೂಮಿಗೆ ಬಡಿದದ್ದರ ಗುರುತು ಅದು ಎಂದು ವಾದಿಸಿದರು. ಆ ಕಥೆ ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಯಾವ ಜೇಡಿಯನ್ನು ಪರೀಕ್ಷಿಸಬೇಕು, ಅದು ಕಾಲದ ಯಾವ ಗೆರೆಯ ಮೇಲೆ ಕೂತಿದೆ ಎಂಬುದನ್ನು ಮೊದಲು ಹೇಳಿದ್ದು ಈ ಚಿಪ್ಪುಗಳು. ಚಿಪ್ಪುಗಳು ಅದನ್ನು ಹೇಳಲು ಸಾಧ್ಯವಾದದ್ದು ಯಾರೋ ಕೂತು ಅವನ್ನು ಬೇರೆಬೇರೆ ಎಂದು ಗುರುತಿಸಿ, ವರ್ಣಿಸಿ, ಹೆಸರಿಟ್ಟಿದ್ದರಿಂದ.

ಹೆಸರಿಡುವ ಈ ಕೆಲಸವನ್ನು ವಿಜ್ಞಾನದ ಗುಮಾಸ್ತಗಿರಿ ಎಂದು ನೋಡುವವರು ವಿಜ್ಞಾನದ ಒಳಗೂ ಇದ್ದಾರೆ. ಸಿದ್ಧಾಂತ ಕಟ್ಟುವವರು ಬೇರೆ, ಡಬ್ಬಿಗೆ ಚೀಟಿ ಅಂಟಿಸುವವರು ಬೇರೆ ಎಂಬ ಭಾವನೆ ಅದರ ಹಿಂದಿದೆ. ನನ್ನ ವಾದ ಇದಕ್ಕೆ ಎದುರಾದದ್ದು. ಪಳೆಯುಳಿಕೆಯಾದ ಪ್ಲವಕಕ್ಕೆ, ಅಂದರೆ ಇಂಥ ತೇಲುಜೀವಿಗೆ, ಹೆಸರಿಡುವುದೇ ಒಂದು ಸಿದ್ಧಾಂತ: ‘ಇಷ್ಟು ರೂಪಗಳು ಒಂದೇ ಬಳಗ, ಅದರಾಚೆಯದು ಇನ್ನೊಂದು’ ಎಂಬ, ಮುಂದೆ ಸುಳ್ಳಾಗಬಹುದಾದ ಹೇಳಿಕೆ. ಆದರೆ ಬೇರೆ ಸಿದ್ಧಾಂತಗಳಿಗಿಲ್ಲದ ಒಂದು ಲಂಗರು ಇದಕ್ಕಿದೆ. ಹೆಸರನ್ನು ಕಟ್ಟಿಹಾಕಿರುವುದು ವ್ಯಾಖ್ಯೆಗಲ್ಲ, ಯಾವುದೋ ವಸ್ತುಸಂಗ್ರಹಾಲಯದ ಕಪಾಟಿನಲ್ಲಿರುವ ಒಂದೇ ಒಂದು ಚಿಪ್ಪಿಗೆ. ಹೇಳಿಕೆ ಬಿದ್ದುಹೋದರೂ ಚಿಪ್ಪು ಉಳಿಯುತ್ತದೆ. ಮುಂದಿನವರು ಅದನ್ನು ಮತ್ತೆ ನೋಡಿ ಹೊಸ ಹೇಳಿಕೆ ಕಟ್ಟಬಹುದು. ಈ ಕ್ಷೇತ್ರದ ಸುಮಾರು ಇನ್ನೂರು ವರ್ಷಗಳ ಏಳುಬೀಳನ್ನು ನೋಡಿದರೆ, ಮೂಲ ಚಿಪ್ಪು ಭದ್ರವಾಗಿದ್ದಲ್ಲಿ ತಪ್ಪುಗಳು ತಿದ್ದಿಕೊಂಡಿವೆ, ಅದು ಕಳೆದುಹೋದಲ್ಲಿ ಗೊಂದಲ ತಲೆಮಾರುಗಟ್ಟಲೆ ಉಳಿದಿದೆ.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಡಲತಳ ಕೊರೆದು ತೆಗೆದ ಕೆಸರಿನ ಕಂಬದಿಂದಲೋ ನೆಲದ ಮೇಲೆ ಎದ್ದು ನಿಂತ ಹಳೆಯ ಕಡಲಕಲ್ಲಿನಿಂದಲೋ ಒಂದಿಷ್ಟು ಮಾದರಿ ತರುತ್ತಾರೆ. ಅದನ್ನು ನೆನೆಹಾಕಿ, ಸಡಿಲಿಸಿ, ನೀರು ಬಿಟ್ಟು ಸಣ್ಣ ಜರಡಿಯಲ್ಲಿ ತೊಳೆಯುತ್ತಾರೆ. ಜರಡಿಯ ಕಣ್ಣು ಎಷ್ಟು ಎಂಬುದರಲ್ಲೇ ಅರ್ಧ ತೀರ್ಮಾನ ಅಡಗಿದೆ. ಮಿಲಿಮೀಟರಿನ ಸಾವಿರದಲ್ಲಿ 150 ಭಾಗದ ಕಣ್ಣಿನ ಜರಡಿಯನ್ನಷ್ಟೇ ಬಳಸಿದರೆ ಯುಗುಬಿನಾದಂಥ ಪುಟಾಣಿಗಳು ನೀರಿನೊಂದಿಗೆ ಚರಂಡಿ ಸೇರುತ್ತವೆ, ಆ ಕಾಲದಲ್ಲಿ ಜೀವವೇ ಇರಲಿಲ್ಲವೆಂಬ ಭ್ರಮೆ ಉಳಿಯುತ್ತದೆ. ಉಳಿದ ಮರಳನ್ನು ಕಪ್ಪು ತಟ್ಟೆಯ ಮೇಲೆ ಹರಡಿ, ಸೂಕ್ಷ್ಮದರ್ಶಕದ ಕೆಳಗೆ, ಒದ್ದೆ ಮಾಡಿದ ಕುಂಚದ ಒಂದೆರಡು ಕೂದಲಿನಿಂದ ಚಿಪ್ಪುಗಳನ್ನು ಒಂದೊಂದಾಗಿ ಎತ್ತುತ್ತಾರೆ. ಸುರುಳಿ ಎಡಕ್ಕೆ ತಿರುಗಿದೆಯೋ ಬಲಕ್ಕೋ, ಕೊನೆಯ ಸುತ್ತಿನಲ್ಲಿ ಎಷ್ಟು ಕೋಣೆ, ಬಾಯಿ ಎಲ್ಲಿ ತೆರೆದಿದೆ, ಅದಕ್ಕೆ ತುಟಿ ಇದೆಯೋ ಇಲ್ಲವೋ, ಗೋಡೆಯ ರಂಧ್ರಗಳ ಅಳತೆ ಎಷ್ಟು, ಮೈಮೇಲೆ ಮುಳ್ಳು ಇದ್ದ ಗುರುತು ಉಂಟೋ, ಎಲ್ಲವನ್ನೂ ನೋಡಬೇಕು. ಒಂದು ಚಿಪ್ಪನ್ನು ನೋಡಿದರೆ ಸಾಲದು. ಮರಿಯಾಗಿದ್ದಾಗಿನ ರೂಪ ಬೆಳೆದ ಮೇಲಿನದಕ್ಕಿಂತ ಬೇರೆ. ಕೊನೆಯ ಕೋಣೆ ಕೆಲವೊಮ್ಮೆ ಕುಗ್ಗಿರುತ್ತದೆ. ಕಡಲತಳದ ನೀರು ಸುಣ್ಣವನ್ನು ಕರಗಿಸಿರುತ್ತದೆ, ಇಲ್ಲವೇ ಹೊಸ ಸುಣ್ಣ ಮೆತ್ತಿ ಮೂಲದ ಗೆರೆಗಳನ್ನು ಅಳಿಸಿರುತ್ತದೆ. ಇವೆಲ್ಲವನ್ನು ಕಳೆದು ಉಳಿಯುವ ವ್ಯತ್ಯಾಸವೇ ಪ್ರಭೇದದ ವ್ಯತ್ಯಾಸ. ಆಮೇಲೆ ಒಂದನ್ನು ಮೂಲ ನಮೂನೆ, ಅಂದರೆ ಹೋಲೋಟೈಪ್ ಎಂದು ಆರಿಸಿ, ಚಿತ್ರ ತೆಗೆದು, ಸಂಖ್ಯೆ ಕೊಟ್ಟು, ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸುತ್ತಾರೆ. ಬರಹದಲ್ಲಿ ವರ್ಣನೆ ಇರುತ್ತದೆ, ಹತ್ತಿರದ ಪ್ರಭೇದಗಳಿಗೂ ಇದಕ್ಕೂ ಏನು ಭೇದ ಎಂಬ ಹೋಲಿಕೆ ಇರುತ್ತದೆ, ಯಾವ ಊರು, ಯಾವ ಪದರ, ಯಾವ ಕಾಲ ಎಂಬ ದಾಖಲೆ ಇರುತ್ತದೆ. ಹೆಸರು ಕೊನೆಯ ಒಂದು ಸಾಲು.

ಇದಕ್ಕೆ ನಿಯಮಸಂಹಿತೆಗಳೂ ಇವೆ, ಒಂದಲ್ಲ, ಎರಡು. ಯುಗುಬಿನಾದ ಬಳಗವಾದ ಫೊರಾಮಿನಿಫೆರಾ, ಗಾಜಿನ ಕುಸುರಿಯ ರೇಡಿಯೊಲೇರಿಯಾಗಳು ಪ್ರಾಣಿನಾಮಗಳ ಸಂಹಿತೆಗೆ ಸೇರಿದರೆ, ಸುಣ್ಣದ ತಟ್ಟೆ ಹೊದ್ದ ಕೊಕೊಲಿತೊಫೋರ್‌ಗಳು, ಗಾಜಿನ ಪೆಟ್ಟಿಗೆಯಂಥ ಡಯಾಟಮ್‌ಗಳು, ಡೈನೊಫ್ಲಾಜೆಲೇಟ್‌ಗಳು ಪಾಚಿ, ಶಿಲೀಂಧ್ರ, ಸಸ್ಯಗಳ ಸಂಹಿತೆಗೆ ಬಂದಿವೆ. ಒಂದೇ ಚಮಚ ಕೆಸರಿನಲ್ಲಿ ಎರಡು ಕಾನೂನುಗಳ ಪ್ರಜೆಗಳಿದ್ದಾರೆ. ಪ್ರಾಣಿಗಳ ಸಂಹಿತೆಯಲ್ಲಿ ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕೇ ಹೊರತು ವರ್ಣನೆ ಇಂಥದೇ ಭಾಷೆಯಲ್ಲಿರಬೇಕೆಂಬ ಕಡ್ಡಾಯವಿಲ್ಲ. ವ್ಯಾಪಕವಾಗಿ ಬಳಕೆಯಲ್ಲಿರುವ ಭಾಷೆ ಇರಲಿ ಎಂಬ ಶಿಫಾರಸು ಮಾತ್ರ ಇದೆ. ಹಾಗಾಗಿ ಹೊಸ ಫೊರಾಮಿನಿಫೆರಾ ಒಂದನ್ನು ಕನ್ನಡದಲ್ಲಿ ವರ್ಣಿಸಿದರೂ ಆ ಹೆಸರು ಊರ್ಜಿತವೇ. ಕೊಕೊಲಿತೊಫೋರ್ ಆದರೆ ಹಾಗಲ್ಲ. ಅಲ್ಲಿ ಲ್ಯಾಟಿನ್ ಅಥವಾ ಇಂಗ್ಲಿಷ್ ಬೇಕೇಬೇಕು. ಇವು ಸಣ್ಣ ಸಂಗತಿಗಳು. ದೊಡ್ಡ ತೊಡಕು ಇನ್ನೊಂದಿದೆ. ಕೊಕೊಲಿತ್ ಎಂಬ ಸುಣ್ಣದ ತಟ್ಟೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು. ಫೊರಾಮಿನಿಫೆರಾದ ಚಿಪ್ಪನ್ನು ಎತ್ತಿ ಡಬ್ಬಿಯಲ್ಲಿಡಬಹುದು. ಕೊಕೊಲಿತನ್ನು ಎತ್ತುವುದು ಕುಂಚಕ್ಕೆ ಮೀರಿದ ಮಾತು. ಒಂದು ಸ್ಲೈಡಿನಲ್ಲಿ ಲಕ್ಷಗಟ್ಟಲೆ ಇರುವ ತಟ್ಟೆಗಳಲ್ಲಿ ಮೂಲ ನಮೂನೆ ಯಾವುದೆಂದು ಮತ್ತೆ ಹುಡುಕುವುದು ಬಹಳ ಕಷ್ಟ. ಹಾಗಾಗಿ ಎಷ್ಟೋ ಕೊಕೊಲಿತ್ ಪ್ರಭೇದಗಳಿಗೆ ವ್ಯವಹಾರದಲ್ಲಿ ಛಾಯಾಚಿತ್ರವೇ ಮೂಲ ನಮೂನೆಯಂತಾಗಿದೆ. ಚಿತ್ರವನ್ನು ತಿರುಗಿಸಿ ಹಿಂಬದಿ ನೋಡಲು ಬರುವುದಿಲ್ಲ. ಹೀಗಾಗಿ ಚಿತ್ರ ತೆಗೆದ ಕೆಸರಿನ ಉಳಿದ ಭಾಗವನ್ನಾದರೂ ಜೋಪಾನ ಮಾಡುವುದು ಅಲ್ಲಿ ಹೆಚ್ಚು ಮುಖ್ಯ.

ಹೆಸರು ಮತ್ತು ತಿಳಿವಳಿಕೆ ಜೊತೆಜೊತೆಗೆ ನಡೆಯಬೇಕೆಂದಿಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ. ಆಲ್ಸಿಡ್ ದೊರ್ಬಿನ್ಯಿ 1826ರಲ್ಲಿ ಗ್ಲೋಬಿಜೆರಿನಾ ಮೊದಲಾದವನ್ನು ಹೆಸರಿಸಿದಾಗ ಅವನ್ನು ಶಿರಪಾದಿಗಳೆಂದು, ಅಂದರೆ ಅಷ್ಟಪದಿ, ನಾಟಿಲಸ್‌ಗಳ ಕಿರಿಯ ಬಂಧುಗಳೆಂದು ನಂಬಿದ್ದರು. 1835ರಲ್ಲಿ ಫೆಲಿಕ್ಸ್ ದ್ಯುಜಾರ್ದಾನ್ ಜೀವಂತ ಮಾದರಿಗಳನ್ನು ನೋಡಿ ಅವು ತೀರಾ ಸರಳ ಜೀವಿಗಳೆಂದು ತೋರಿಸಿಕೊಟ್ಟರು. ಸಿದ್ಧಾಂತ ಬಿತ್ತು, ಗ್ಲೋಬಿಜೆರಿನಾ ಎಂಬ ಹೆಸರು ನಿಂತಿತು, ಏಕೆಂದರೆ ದೊರ್ಬಿನ್ಯಿಯವರ ಚಿಪ್ಪುಗಳು ಪ್ಯಾರಿಸಿನಲ್ಲಿ ಉಳಿದಿದ್ದವು. ಇದಕ್ಕೆ ತದ್ವಿರುದ್ಧವಾದ ಪ್ರಸಂಗ ಥಾಮಸ್ ಹಕ್ಸ್‌ಲಿಯವರದು. ಅಟ್ಲಾಂಟಿಕ್ ತಂತಿ ಹಾಸುವ ಮುನ್ನ 1857ರಲ್ಲಿ ಸೈಕ್ಲಾಪ್ಸ್ ಹಡಗು ತೆಗೆದ ಕಡಲತಳದ ಕೆಸರಿನಲ್ಲಿ ಅವರು ದುಂಡನೆಯ ಸೂಕ್ಷ್ಮ ಕಾಯಗಳನ್ನು ಕಂಡು ಕೊಕೊಲಿತ್ ಎಂದು ಕರೆದರು. 1868ರಲ್ಲಿ ಅದೇ ಕೆಸರನ್ನು ಮತ್ತೆ ನೋಡಿ, ಕೊಕೊಲಿತ್‌ಗಳನ್ನು ಒಳಗೊಂಡ ಲೋಳೆಯೊಂದನ್ನು ಆದಿಮ ಜೀವಿಯೆಂದು ಭಾವಿಸಿ ಬ್ಯಾಥಿಬಿಯಸ್ ಹೆಕೆಲಿಯೈ ಎಂದು ಹೆಸರಿಟ್ಟರು. ಚಾಲೆಂಜರ್ ಹಡಗಿನ ರಸಾಯನ ವಿಜ್ಞಾನಿ ಜಾನ್ ಬುಕಾನನ್, ಆ ಲೋಳೆ ಕಡಲನೀರಿಗೆ ಮದ್ಯಸಾರ ಸೇರಿದಾಗ ಕೂಡುವ ಕ್ಯಾಲ್ಸಿಯಮ್ ಸಲ್ಫೇಟ್ ಎಂದು ತೋರಿಸಿದರು. 1875ರಲ್ಲಿ ಹಕ್ಸ್‌ಲಿ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಪರೀಕ್ಷೆ ಸಾಧ್ಯವಿದ್ದುದರಿಂದ ತಪ್ಪು ಏಳು ವರ್ಷದಲ್ಲಿ ತಿದ್ದಿಹೋಯಿತು. ಚಾಲೆಂಜರ್ ಯಾನದ ಸಂಗ್ರಹದಿಂದಲೇ ಅರ್ನ್ಸ್ಟ್ ಹೆಕೆಲ್ 1887ರಲ್ಲಿ 3,500ಕ್ಕೂ ಹೆಚ್ಚು ಹೊಸ ರೇಡಿಯೊಲೇರಿಯಾ ಪ್ರಭೇದಗಳನ್ನು ಪ್ರಕಟಿಸಿದರು. ಚಿತ್ರಗಳ ಚೆಲುವು ಇಂದಿಗೂ ಕಣ್ಣು ಸೆಳೆಯುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ಹೆಸರುಗಳಿಗೆ ‘ಇದೇ ಆ ಚಿಪ್ಪು’ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಒಂದು ಶತಮಾನ ಕಳೆದರೂ ರೇಡಿಯೊಲೇರಿಯಾ ತಜ್ಞರು ಆ ಋಣ ತೀರಿಸುತ್ತಲೇ ಇದ್ದಾರೆ.

ಇನ್ನು ಗಡಿಯ ಪ್ರಶ್ನೆ. ಬದುಕಿರುವ ಎರಡು ಪ್ರಭೇದಗಳ ನಡುವೆ ಸಾಮಾನ್ಯವಾಗಿ ಕಂದರವಿರುತ್ತದೆ. ಕಡಲತಳದ ಕೆಸರಿನಲ್ಲಿ ಕಾಲ ಎಡೆಬಿಡದೆ ಪೇರಿಸಿಕೊಂಡಿರುವುದರಿಂದ ಪೂರ್ವಜನಿಗೂ ವಂಶಜನಿಗೂ ನಡುವಿನ ಮೆಟ್ಟಿಲುಗಳೆಲ್ಲ ಸಿಗುತ್ತವೆ. ಹಿಂದೂ ಮಹಾಸಾಗರದ ತೊಂಬತ್ತು ಡಿಗ್ರಿ ಪೂರ್ವ ಏಣಿನ ಮೇಲೆ ಕೊರೆದ 214ನೇ ತಾಣದ ಕೆಸರನ್ನು ಅಳೆದು ಬಿಯೊರ್ನ್ ಮಾಲ್ಮ್‌ಗ್ರೆನ್, ವಿಲಿಯಂ ಬರ್ಗ್ರೆನ್ ಮತ್ತು ಜಾರ್ಜ್ ಲೋಮನ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಗ್ಲೋಬೊರೊಟಾಲಿಯಾ ಪ್ಲೀಸಿಯೊಟ್ಯುಮಿಡಾ ಎಂಬ ಪ್ರಭೇದ ಲಕ್ಷಾಂತರ ವರ್ಷ ಹೆಚ್ಚು ಬದಲಾಗದೆ ಇದ್ದು, ಮಯೊಸೀನ್ ಮುಗಿದು ಪ್ಲಯೊಸೀನ್ ಶುರುವಾಗುವ ಆಸುಪಾಸಿನಲ್ಲಿ ಸುಮಾರು 6 ಲಕ್ಷ ವರ್ಷಗಳಲ್ಲಿ ಹಂತಹಂತವಾಗಿ ಟ್ಯುಮಿಡಾ ಆಗಿ ಮಾರ್ಪಟ್ಟಿತು. ಕವಲೊಡೆದದ್ದಲ್ಲ, ಇಡೀ ವಂಶವೇ ಬದಲಾಯಿತು. ಇಲ್ಲಿ ಒಂದು ಹೆಸರು ಮುಗಿದು ಇನ್ನೊಂದು ಶುರುವಾಗುವ ಚಿಪ್ಪು ಯಾವುದು? ಪ್ರಕೃತಿ ಅಂಥ ಗೆರೆ ಎಳೆದಿಲ್ಲ. ಅದನ್ನು ವಿದ್ವಾಂಸ ಎಳೆಯುತ್ತಾನೆ. ಹಾಗಾದರೆ ಇದು ಬರೀ ಮನಸ್ಸಿಗೆ ಬಂದಂತೆ ನಡೆಯುವ ಆಟವಲ್ಲವೇ ಎಂಬ ಆಕ್ಷೇಪ ಹುಟ್ಟುವುದು ಸಹಜ. ನನಗೆ ಹಾಗನಿಸುವುದಿಲ್ಲ. ಹೊತ್ತು ಮುಳುಗಿ ಕತ್ತಲಾಗುವ ಕ್ಷಣ ಯಾವುದೆಂದು ತೋರಿಸಲಾಗದಿದ್ದರೂ ಹಗಲು ರಾತ್ರಿ ಎರಡೂ ನಿಜ. ಎರಡು ತುದಿಗಳಲ್ಲೂ ಮೂಲ ನಮೂನೆಗಳಿವೆ. ನಡುವಿನ ಗೆರೆಯನ್ನು ಯಾವ ಅಳತೆಯಿಂದ ಎಳೆದೆವು ಎಂದು ಬರೆದಿಟ್ಟರೆ ಇನ್ನೊಬ್ಬರು ಅದನ್ನು ಪರೀಕ್ಷಿಸಬಹುದು, ಸರಿಸಬಹುದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ. ಎಸ್. ಶ್ರೀನಿವಾಸನ್ ಅವರು ಜೇಮ್ಸ್ ಕೆನೆಟ್ ಜೊತೆ ಅದೇ 1983ರಲ್ಲಿ ಹೊರತಂದ ನಿಯೊಜೀನ್ ಪ್ಲವಕ ಫೊರಾಮಿನಿಫೆರಾಗಳ ಅಟ್ಲಾಸ್ ಮಾಡಿದ್ದು ಇದನ್ನೇ. ಚಿಪ್ಪುಗಳನ್ನು ಹೋಲಿಕೆಯ ಗುಂಪುಗಳಾಗಿ ಪೇರಿಸದೆ, ಯಾವುದರಿಂದ ಯಾವುದು ಬಂತು ಎಂಬ ವಂಶದ ಎಳೆ ಹಿಡಿದು ಜೋಡಿಸಿದ ಆ ಪುಸ್ತಕ ಜಗತ್ತಿನ ಪ್ರಯೋಗಾಲಯಗಳಲ್ಲಿ ದಶಕಗಟ್ಟಲೆ ಸೂಕ್ಷ್ಮದರ್ಶಕದ ಪಕ್ಕದಲ್ಲೇ ಇದ್ದಿತು.

ಗಡಿಗಿಂತ ಕಠಿಣವಾದದ್ದು ಒಂದೇ ಜೀವಿಗೆ ಎರಡು ದೇಹಗಳಿರುವ ಸಂದರ್ಭ. ಮೇರಿ ಪಾರ್ಕ್ ಮತ್ತು ಐರೀನ್ ಆಡಮ್ಸ್ 1960ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ, ಕ್ರಿಸ್ಟಲೊಲಿತಸ್ ಹಯಲೈನಸ್ ಎಂದು ಬೇರೆ ಕುಲದಲ್ಲಿ ಇಟ್ಟಿದ್ದ ಜೀವಿ ಕೊಕೊಲಿತಸ್ ಪೆಲಾಜಿಕಸ್‌ನ ಬಾಳಿನ ಇನ್ನೊಂದು ಹಂತ ಎಂದು ತಿಳಿಯಿತು. ಒಂದು ಹಂತದ ತಟ್ಟೆಗಳು ಗಟ್ಟಿ, ಕೆಸರಿನಲ್ಲಿ ಕೋಟ್ಯಂತರ ವರ್ಷ ಉಳಿಯುತ್ತವೆ. ಇನ್ನೊಂದರವು ಪುಡಿಪುಡಿ ಹರಳಿನವು, ಬೇಗ ಕರಗುತ್ತವೆ. ಡೈನೊಫ್ಲಾಜೆಲೇಟ್‌ಗಳ ಕಥೆ ಇನ್ನೂ ವಿಚಿತ್ರ. ಬೆಣಚುಗಲ್ಲಿನ ತೆಳು ಚೂರುಗಳಲ್ಲಿ ಮುಳ್ಳುಚೆಂಡಿನಂಥ ಕಾಯಗಳನ್ನು ಎರೆನ್‌ಬರ್ಗ್ 1830ರ ದಶಕದಲ್ಲೇ ಕಂಡಿದ್ದರು. ಅವು ಏನೆಂಬುದು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಗೆಹರಿಯಲಿಲ್ಲ. 1961ರಲ್ಲಿ ವಿಲಿಯಂ ಎವಿಟ್, ಆ ಚೆಂಡುಗಳ ಮೈಯಲ್ಲಿ ನಿಯತವಾದ ಕಡೆಯಲ್ಲೇ ಕಿಟಕಿಯೊಂದು ತೆರೆದಿರುವುದನ್ನು ಗಮನಿಸಿ, ಅವು ಡೈನೊಫ್ಲಾಜೆಲೇಟ್‌ಗಳು ಒಳಗೆ ಮಲಗಿದ್ದು ಒಡೆದು ಹೊರಬಂದ ಕೋಶಗಳೆಂದು ತೋರಿಸಿದರು. ಮುಂದೆ ಕೋಶಗಳನ್ನು ಮೊಳೆಯಿಸಿ ನೋಡಿದಾಗ, ಪಳೆಯುಳಿಕೆ ತಜ್ಞರು ಸ್ಪಿನಿಫೆರೈಟಿಸ್ ಎಂದು ಹೆಸರಿಟ್ಟಿದ್ದವುಗಳಿಂದ ಜೀವತಜ್ಞರು ಗೋನಿಯಾಲಾಕ್ಸ್ ಎನ್ನುವ ಜೀವಿಗಳು ಈಜಿ ಬಂದವು. ಎರಡು ಹೆಸರುಗಳಲ್ಲಿ ಒಂದನ್ನು ಅಳಿಸಬೇಕಿತ್ತೇ? ಸಂಹಿತೆ ಎರಡನ್ನೂ ಉಳಿಸಿಕೊಂಡಿತು. ಪಳೆಯುಳಿಕೆಯ ಹೆಸರು, ಜೀವಂತದ ಹೆಸರು ಒಂದಕ್ಕೊಂದು ಸ್ಪರ್ಧಿಗಳಲ್ಲ ಎಂದಿತು. ಇದನ್ನು ರಾಜಿ ಎಂದು ಟೀಕಿಸುವವರಿದ್ದಾರೆ. ನನಗಿದು ಪ್ರಾಮಾಣಿಕತೆ ಎನಿಸುತ್ತದೆ. ಹತ್ತು ಕೋಟಿ ವರ್ಷ ಹಳೆಯ ಮುಳ್ಳುಚೆಂಡಿನಿಂದ ಯಾವ ಜೀವಿ ಈಜಿ ಹೋಯಿತೆಂದು ನಮಗೆ ಎಂದೂ ಕಾಣುವುದಿಲ್ಲ. ಕಾಣುವುದಕ್ಕಷ್ಟೇ ಹೆಸರಿಡುವುದು ಸರಿ.

ಈ ಹಂತದಲ್ಲಿ ವಂಶವಾಹಿ ವಿಜ್ಞಾನಿಗಳ ಆಕ್ಷೇಪ ಎದುರಾಗುತ್ತದೆ, ಮತ್ತು ಅದು ಬಲವಾದದ್ದು. ಇಂದು ಬದುಕಿರುವ ಪ್ಲವಕ ಫೊರಾಮಿನಿಫೆರಾಗಳಲ್ಲಿ ಚಿಪ್ಪಿನ ರೂಪದಿಂದ ಗುರುತಿಸುವ ಪ್ರಭೇದಗಳು ಸುಮಾರು ಐವತ್ತು ಮಾತ್ರ. 1990ರ ದಶಕದಿಂದ ಡಿಎನ್‌ಎ ಓದತೊಡಗಿದ ಮೇಲೆ, ಎಷ್ಟೋ ಹೆಸರುಗಳ ಒಳಗೆ ತಮ್ಮತಮ್ಮೊಳಗೆ ಬೆರೆಯದ ಹಲವು ಬಳಗಗಳು ಅಡಗಿರುವುದು ಬೆಳಕಿಗೆ ಬಂದಿದೆ. ಆರ್ಬ್ಯುಲಿನಾ ಯೂನಿವರ್ಸಾ ಎಂಬ ಗುಂಡುಗುಂಡನೆಯ ಚಿಪ್ಪಿನಲ್ಲೇ ಮೂರು ಕಂಡವು. ಹಾಗಿದ್ದಮೇಲೆ ಡಿಎನ್‌ಎ ಉಳಿಯದ ಪಳೆಯುಳಿಕೆಗೆ ಪ್ರಭೇದ ಎಂಬ ಮಾತೇ ಸಲ್ಲುವುದೇ? ಗ್ಲೋಬಿಜೆರಿನಾಯ್ಡಿಸ್ ರೂಬರ್ ಇದಕ್ಕೆ ಉತ್ತರ ಕೊಡುತ್ತದೆ. ದೊರ್ಬಿನ್ಯಿ 1839ರಲ್ಲಿ ರೂಬ್ರಾ, ಅಂದರೆ ಕೆಂಪನೆಯದು, ಎಂದು ಕರೆದದ್ದು ಇದನ್ನು. ಕುಲ ಬದಲಾಗಿ ಲ್ಯಾಟಿನ್ನಿನ ಲಿಂಗವೂ ಬದಲಾದಾಗ ಅದು ರೂಬರ್ ಆಯಿತು. ಇದರಲ್ಲಿ ನಸುಗೆಂಪು ಚಿಪ್ಪಿನದು, ಬಿಳಿ ಚಿಪ್ಪಿನದು ಎಂಬ ಭೇದ ಹಿಂದಿನಿಂದ ಗೊತ್ತಿತ್ತು. ನಸುಗೆಂಪಿನದು ಹಿಂದೂ ಮತ್ತು ಪೆಸಿಫಿಕ್ ಸಾಗರಗಳಿಂದ ಸುಮಾರು 1,20,000 ವರ್ಷಗಳ ಹಿಂದೆ ಮರೆಯಾಗಿ ಅಟ್ಲಾಂಟಿಕ್‌ನಲ್ಲಷ್ಟೇ ಉಳಿಯಿತು ಎಂಬುದನ್ನು ಪಳೆಯುಳಿಕೆ ತಜ್ಞರು 1979ರಲ್ಲೇ ಹೇಳಿದ್ದರು. ಡಿಎನ್‌ಎ ಬಂದಾಗ ಎರಡೂ ಬೇರೆಬೇರೆ ಎಂದು ಸಾಬೀತಾಯಿತು. 2019ರಲ್ಲಿ ಬಿಳಿಯದಕ್ಕೆ ಆಲ್ಬಸ್ ಎಂಬ ಉಪಪ್ರಭೇದದ ಹೆಸರು ಸಿಕ್ಕಿತು. ಬಿಳಿಯದೆಂದು ಎಣಿಸುತ್ತಿದ್ದವುಗಳಲ್ಲಿ ಒಂದು ಬಳಗ ರೂಬರ್‌ಗಿಂತ ಕಾಂಗ್ಲೊಬೇಟಸ್ ಎಂಬ ಇನ್ನೊಂದಕ್ಕೆ ಹತ್ತಿರ ಎಂದು 2011ರಲ್ಲಿ ಗೊತ್ತಾದಾಗ, ಅದಕ್ಕೆ ಹೊಸ ಹೆಸರು ಹುಡುಕಬೇಕಾಗಲಿಲ್ಲ. 1826ರಲ್ಲಿ ದೊರ್ಬಿನ್ಯಿಯೇ ಇಟ್ಟು, ನಂತರದವರು ಬದಿಗೆ ಸರಿಸಿದ್ದ ಎಲಾಂಗೇಟಸ್ ಎಂಬ ಹೆಸರು ಕಾದು ಕೂತಿತ್ತು. ಡಿಎನ್‌ಎ ಹಳೆಯ ಹೆಸರುಗಳನ್ನು ಉರುಳಿಸುತ್ತದೆ ಎಂದುಕೊಂಡರೆ, ಇಲ್ಲಿ ಅದು ಹಳೆಯ ಕಣ್ಣಿನ ಸೂಕ್ಷ್ಮವನ್ನು ಎತ್ತಿಹಿಡಿಯಿತು. ಚಿಪ್ಪಿನ ಪ್ರಭೇದ ಹಲವು ಸಲ ಒಂದಕ್ಕಿಂತ ಹೆಚ್ಚು ಜೀವಬಳಗಗಳ ಕಟ್ಟು ಎಂಬುದನ್ನು ಒಪ್ಪಲೇಬೇಕು. ಕಟ್ಟು ಬಿಚ್ಚಲು ಬೇಕಾದದ್ದು ಮತ್ತಷ್ಟು ನಿಖರವಾದ ವರ್ಣನೆ.

ಇನ್ನೊಂದು ಆಕ್ಷೇಪ ಹೆಸರುಗಳ ಹಿಂಡಿನ ಬಗ್ಗೆ. ಇದರಲ್ಲಿ ಸತ್ಯಾಂಶ ಹೆಚ್ಚು. ಇಪ್ಪತ್ತನೇ ಶತಮಾನದಲ್ಲಿ ತೈಲ ಹುಡುಕುವ ಕಂಪನಿಗಳಿಗೆ ಕಲ್ಲಿನ ವಯಸ್ಸು ಹೇಳುವ ಚಿಪ್ಪುಗಳು ಬೇಕಾದವು. ಟ್ರಿನಿಡಾಡ್‌ನಲ್ಲಿ ಹಾನ್ಸ್ ಬೊಲಿ, ಸೋವಿಯತ್ ಒಕ್ಕೂಟದಲ್ಲಿ ನೀನಾ ಸುಬೊತಿನಾ ಇಂಥ ಕೆಲಸಕ್ಕೆ 1950ರ ದಶಕದಲ್ಲಿ ಬುನಾದಿ ಹಾಕಿದರು. ಒಬ್ಬರ ಸಂಗ್ರಹ ಇನ್ನೊಬ್ಬರಿಗೆ ಸುಲಭವಾಗಿ ಕಾಣದ ರಾಜಕೀಯದ ದಿನಗಳವು. ಎರಡೂ ಕಡೆ ಒಂದೇ ಜೀವಿಗೆ ಬೇರೆ ಹೆಸರುಗಳು ಬಿದ್ದವು. ಹಿಂದಿನ ಹೆಸರಿಗೇ ಹಕ್ಕು ಎಂಬ ಆದ್ಯತಾ ನಿಯಮ ಇದ್ದರೂ, ಎರಡು ಹೆಸರುಗಳ ಚಿಪ್ಪುಗಳನ್ನು ಒಟ್ಟಿಗೆ ಇಟ್ಟು ನೋಡದೆ ಅದನ್ನು ಜಾರಿಗೆ ತರಲಾಗದು. ಆ ಕೆಲಸ ಕೈಗೆತ್ತಿಕೊಂಡ ಪೇಲಿಯೊಸೀನ್ ಅಟ್ಲಾಸ್ 1999ರಲ್ಲಿ, ಇಯೊಸೀನಿನದು 2006ರಲ್ಲಿ, ಆಲಿಗೊಸೀನಿನದು 2018ರಲ್ಲಿ ಬಂದವು. ಹಲವು ದೇಶಗಳ ತಜ್ಞರು ಸಂಗ್ರಹಾಲಯಗಳಿಂದ ಮೂಲ ನಮೂನೆಗಳನ್ನು ತೆಗೆಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೊಸದಾಗಿ ಚಿತ್ರ ತೆಗೆದು, ಎಷ್ಟೋ ಹೆಸರುಗಳನ್ನು ಒಂದರೊಳಗೊಂದು ಸೇರಿಸಿದರು. ಹೆಸರಿಡುವುದಕ್ಕಿಂತ ಇದು ತಾಳ್ಮೆ ಬೇಡುವ ಕೆಲಸ, ಮೆಚ್ಚುಗೆ ಸಿಗುವುದು ಮಾತ್ರ ಕಡಿಮೆ. ಹಾಗೆಂದು ಎಲ್ಲ ಜಗಳ ಮುಗಿದಿಲ್ಲ. ಈಗ ಪಾರ್ವುಲರುಗೊಗ್ಲೋಬಿಜೆರಿನಾ ಎಂಬ ಉದ್ದ ಹೆಸರಿನ ಕುಲಕ್ಕೆ ಸೇರಿರುವ ಯುಗುಬಿನಾದ ಪಕ್ಕದಲ್ಲಿ, ಬಾಯಿ ನೀಳವಾದ ಚಿಪ್ಪುಗಳಿಗೆ 1979ರಲ್ಲಿ ಲಾಂಗಿಯಪರ್ಚುರಾ ಎಂಬ ಹೆಸರು ಬಂತು. ಪೇಲಿಯೊಸೀನ್ ಅಟ್ಲಾಸ್ ಎರಡನ್ನೂ ಒಂದೇ ಎನ್ನುತ್ತದೆ. ಸ್ಪೇನಿನ ತಜ್ಞರು ಬೇರೆ ಎನ್ನುತ್ತಾರೆ. ಮಹಾವಿನಾಶದ ಮರುಗಳಿಗೆಯಲ್ಲಿ ಹೊಸ ಪ್ರಭೇದಗಳು ಎಷ್ಟು ಬೇಗ, ಎಷ್ಟು ಹುಟ್ಟಿದವು ಎಂಬ ಲೆಕ್ಕ ಈ ಬಾಯಿಯ ಉದ್ದದ ಮೇಲೆ ನಿಂತಿದೆ.

ಯಂತ್ರವೇ ಗುರುತಿಸುವ ಕಾಲದಲ್ಲಿ ಇದೆಲ್ಲ ಏಕೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. 2019ರಲ್ಲಿ ಪ್ರಕಟವಾದ ಒಂದು ಸಂಗ್ರಹದಲ್ಲಿ 34,000ಕ್ಕೂ ಹೆಚ್ಚು ಚಿಪ್ಪುಗಳ ಚಿತ್ರಗಳಿವೆ. ಅದರಿಂದ ಕಲಿತ ಗಣಕಯಂತ್ರ ಇಂದಿನ ಪ್ರಭೇದಗಳನ್ನು ಚೆನ್ನಾಗಿಯೇ ಗುರುತಿಸುತ್ತದೆ. ಆದರೆ ಪ್ರತಿ ಚಿತ್ರಕ್ಕೂ ಮೊದಲು ಹೆಸರು ಬರೆದವರು ತಜ್ಞರು, ಅವರೂ ಎಷ್ಟೋ ಚಿತ್ರಗಳಲ್ಲಿ ಒಮ್ಮತಕ್ಕೆ ಬರಲಿಲ್ಲ. ಯಂತ್ರ ಕಲಿಯುವುದು ನಮ್ಮ ಗಡಿಗಳನ್ನು. ಗಡಿ ತಪ್ಪಿದ್ದರೆ ತಪ್ಪನ್ನೇ ದಣಿವಿಲ್ಲದೆ ಎಣಿಸುತ್ತದೆ.

ಈ ಎಣಿಕೆ ನಮ್ಮ ಮಳೆಯವರೆಗೂ ಬರುತ್ತದೆ. ಜೂನಿನಲ್ಲಿ ಅರಬ್ಬೀ ಸಮುದ್ರದ ಮೇಲೆ ನೈಋತ್ಯದಿಂದ ಬೀಸಿ ಪಶ್ಚಿಮಘಟ್ಟಕ್ಕೆ ಮೋಡ ಹೊತ್ತು ತರುವ ಗಾಳಿಯೇ ಒಮಾನ್ ಕರಾವಳಿಯಲ್ಲಿ ಮೇಲ್ನೀರನ್ನು ಆಚೆಗೆ ತಳ್ಳಿ, ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರನ್ನು ಮೇಲೆತ್ತುತ್ತದೆ. ಆ ನೀರಿನಲ್ಲಿ ಹುಲುಸಾಗಿ ಬೆಳೆಯುವುದು ಗ್ಲೋಬಿಜೆರಿನಾ ಬುಲಾಯ್ಡಿಸ್. ಕೆಸರಿನಲ್ಲಿ ಅದರ ಪಾಲು ಹೆಚ್ಚಿದ್ದರೆ ಆ ಶತಮಾನದ ಮುಂಗಾರು ಗಾಳಿ ಬಿರುಸಾಗಿತ್ತು ಎಂದು ಓದುತ್ತಾರೆ. 1981ರಲ್ಲಿ ಪ್ರೆಲ್ ಮತ್ತು ಕರಿ ತೋರಿಸಿದ ಈ ದಾರಿಯಲ್ಲೇ ಅನಿಲ್ ಗುಪ್ತ ಮತ್ತು ಸಂಗಡಿಗರು 2003ರಲ್ಲಿ ಒಮಾನ್ ಬಳಿಯ 723ನೇ ತಾಣದ ಕೆಸರಿನಿಂದ ಕಳೆದ ಸಹಸ್ರಾರು ವರ್ಷಗಳ ಮುಂಗಾರಿನ ಏರಿಳಿತವನ್ನು ಬಿಡಿಸಿಟ್ಟರು. ಬುಲಾಯ್ಡಿಸ್ ಎಂಬ ಹೆಸರು ದೊರ್ಬಿನ್ಯಿಯವರದು, 1826ರದು. ಅವರು ಒಂದೇ ಚಿಪ್ಪನ್ನು ಮೂಲವೆಂದು ಆರಿಸಿರಲಿಲ್ಲ. 1960ರಲ್ಲಿ ಬ್ಯಾನರ್ ಮತ್ತು ಬ್ಲೋ ಎಂಬ ತಜ್ಞರು ದೊರ್ಬಿನ್ಯಿಯವರ ಹಳೆಯ ಸಂಗ್ರಹದಿಂದ ಇಟಲಿಯ ರಿಮಿನಿ ಕಡಲತೀರದ ಮರಳಿನ ಚಿಪ್ಪೊಂದನ್ನು ಹೆಕ್ಕಿ, ಹೆಸರನ್ನು ಅದಕ್ಕೆ ಕಟ್ಟಿದರು. ಬುಲಾಯ್ಡಿಸ್ ಒಳಗೂ ಬೆಚ್ಚನೆಯ ನೀರಿನ, ತಣ್ಣನೆಯ ನೀರಿನ ಬೇರೆಬೇರೆ ವಂಶಗಳಿವೆ ಎಂದು ಡಿಎನ್‌ಎ ಹೇಳಿದೆ. ಅರಬ್ಬೀ ಸಮುದ್ರದ ಚಿಪ್ಪಿಗೆ ಮುಂದೊಂದು ದಿನ ಬೇರೆ ಹೆಸರು ಬೇಕೆಂದಾದರೆ, ಹೋಲಿಸಿ ನೋಡಲು ರಿಮಿನಿಯ ಆ ಒಂದು ಚಿಪ್ಪು ಪ್ಯಾರಿಸಿನಲ್ಲಿದೆ.